ಕೋಚ್ ಜೋ ಮನೆಯ ಶನಿವಾರಗಳು

ಯೂನಿಯನ್ ಸಿಟಿಯ ನಮ್ಮ ಮನೆಯಲ್ಲಿ ಊಟದ ಮೇಜಿನ ಎದುರು ಗೋಡೆಗೆ ಒಂದು ದೊಡ್ಡ ಬಿಳಿ ಬೋರ್ಡು ನೇತುಹಾಕಿತ್ತು. ಪರಿಚಯದ ಕನ್ನಡದವರ ಮನೆಗಳಲ್ಲಿ ಆ ಜಾಗದಲ್ಲಿ ವೆಂಕಟರಮಣನ ಪಟವೋ ಮೈಸೂರು ಅರಮನೆಯ ಫೋಟೋವೋ ಇರುತ್ತಿತ್ತು. ನಮ್ಮಲ್ಲಿ ದೇವರು ಅಡುಗೆಮನೆಯ ಮೂಲೆಯ ಕಪಾಟಿನಲ್ಲಿದ್ದ. ಗೋಡೆ ಪೂರ್ತಿ ಅಪ್ಪನದು. ಅಪ್ಪ ಒಂದು ಕೈಯಲ್ಲಿ ತುತ್ತು ಹಿಡಿದುಕೊಂಡೇ ಎದ್ದು ಹೋಗಿ ಇನ್ನೊಂದು ಕೈಯಲ್ಲಿ ಆ ಬೋರ್ಡಿನ ಮೇಲೆ ಸೊನ್ನೆಗಳನ್ನೂ ಬಾಣಗಳನ್ನೂ ಎಳೆಯುತ್ತಿದ್ದರು. ಸಾರು ಆರುತ್ತಿತ್ತು. ಅಮ್ಮ ಅವರ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಡುತ್ತಿದ್ದರು. ಅಜ್ಜಿ ಧಾರವಾಡದಿಂದ ಬಂದ ಹೊಸದರಲ್ಲಿ ಇದನ್ನೆಲ್ಲ ಕೆಲವು ದಿನ ನೋಡಿ, ಒಂದು ಮಧ್ಯಾಹ್ನ ಮಗನನ್ನು ಕೇಳಿಯೇಬಿಟ್ಟಳು.

“ಇಷ್ಟೊಂದು ಸೊನ್ನಿ ಬರದಿಯಲ್ಲೋ ಅನಂತಾ, ಇವನ್ನೆಲ್ಲಾ ಕೂಡಿಸಿದ್ರ ಎಷ್ಟಾಗ್ತದ?”

“ಸೊನ್ನಿ ಅಲ್ಲವ್ವಾ, ಅವ್ರು ನಮ್ಮ ಟೀಮಿನ ಹುಡುಗ್ಯಾರು.”

“ಹುಡುಗ್ಯಾರನ್ನ ಸೊನ್ನಿ ಮಾಡಿ ಕುಂದರ್ಸೀಯೇನು? ಅವಕ್ಕ ಹೆಸರಿಲ್ಲೇನು?”

ಅಪ್ಪ ಬೋರ್ಡು ಒರೆಸುವ ಬಟ್ಟೆ ಕೈಗೆತ್ತಿಕೊಂಡರು. ಆಮೇಲೆ ಸೊನ್ನೆಗಳನ್ನು ಅಳಿಸಿ ಒಬ್ಬೊಬ್ಬಳ ಹೆಸರಿನ ಮೊದಲಕ್ಷರ ಬರೆದರು, ಅದೂ ಕನ್ನಡದಲ್ಲಿ. ರೋಸಾಗೆ ‘ರೋ’, ಡೆನಿಸ್‌ಗೆ ‘ಡೆ’, ಕಿಮ್‌ಗೆ ‘ಕಿ’. ಅಂದಿನಿಂದ ಅವರ ತಂಡದ ಆಟವೆಲ್ಲ ಕನ್ನಡ ಅಕ್ಷರಗಳಲ್ಲೇ ನಡೆಯಿತು. ಪಂದ್ಯದ ನಡುವೆ ಅಪ್ಪ ಕೈಹಲಗೆ ಎತ್ತಿ ಹಿಡಿದರೆ ಎದುರು ತಂಡದವರಿಗೆ ಅದು ಏನೆಂದೇ ತಿಳಿಯುತ್ತಿರಲಿಲ್ಲ, ಹುಡುಗಿಯರು ಮಾತ್ರ ತಮ್ಮ ತಮ್ಮ ಅಕ್ಷರ ಹುಡುಕಿಕೊಂಡು ಓಡುತ್ತಿದ್ದರು. ನಾನು ಓದಲು ಕಲಿತದ್ದೂ ಹಾಗೆಯೇ. ಬೋರ್ಡಿನ ಕೆಳಗಿನ ಮೂಲೆ ನನಗೂ ಅಜ್ಜಿಗೂ ಸೇರಿತ್ತು. ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ನನ್ನನ್ನು ಅವಳು ಅಲ್ಲಿ ನಿಲ್ಲಿಸಿಕೊಂಡು ಅಕ್ಷರ ತಿದ್ದಿಸಿದಳು. ನನ್ನ ಮೊದಲ ಕಾಗುಣಿತದ ಪಕ್ಕದಲ್ಲೇ ಬಾಸ್ಕೆಟ್‌ಬಾಲಿನ ವ್ಯೂಹ ಇರುತ್ತಿತ್ತು.

ಅಪ್ಪ ಕೋಚ್ ಆದದ್ದು ಅಮ್ಮನ ಹಿಂದೆ ಬಂದು. ಮೈಸೂರಿನ ಅಮ್ಮನಿಗೆ ಬರ್ಕ್ಲಿಯ ಒಂದು ಲ್ಯಾಬಿನಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತು. ಧಾರವಾಡದ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಮಾಸ್ತರರಾಗಿದ್ದ, ಹಿಂದೆ ಯೂನಿವರ್ಸಿಟಿ ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡಿದ್ದ ಅಪ್ಪ, ಹೆಂಡತಿಯ ವೀಸಾದ ಮೇಲೆ ಜೊತೆಗೆ ಬಂದರು. ಕೆಲಸ ಮಾಡುವ ಹಾಗಿರಲಿಲ್ಲ. ಅಮ್ಮ ಲ್ಯಾಬಿಗೆ ಹೋದ ಮೇಲೆ ಕ್ಯಾಂಪಸ್ಸಿನ ಜಿಮ್ಮಿನ ಮೆಟ್ಟಿಲುಗಳ ಮೇಲೆ ಕೂತು ಹುಡುಗರ ಅಭ್ಯಾಸ ನೋಡುತ್ತಿದ್ದರಂತೆ. ದಿನವೂ ಬಂದು ಕೂರುವ ಈ ಮನುಷ್ಯ ಯಾರೆಂದು ಅಲ್ಲಿನ ಕೋಚ್ ವಿಚಾರಿಸಿದ. ಮೊದಲು ಚೆಂಡು ಆರಿಸಿಕೊಡುವುದು, ಆಮೇಲೆ ಕಸರತ್ತು ಮಾಡಿಸುವುದು, ಆಮೇಲೆ ಅಲ್ಲೇ ಒಂದು ಕೋರ್ಸು. ಕಾಗದಪತ್ರ ಸರಿಹೋಗುವ ಹೊತ್ತಿಗೆ ನಮ್ಮ ಊರಿರುವ ಈಸ್ಟ್ ಬೇ ಭಾಗದ ಒಂದು ಸಣ್ಣ ಎರಡು ವರ್ಷದ ಕಾಲೇಜು ಹೊಸದಾಗಿ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಕಟ್ಟಲು ಹೊರಟಿತ್ತು. ಆ ಕೆಲಸ ಬೇಕೆಂದು ಬೇರೆ ಯಾರೂ ಬರಲಿಲ್ಲ. ಹೀಗೆ ಅನಂತ ಜೋಶಿ ಆ ತಂಡದ ಮೊಟ್ಟಮೊದಲ ಕೋಚ್ ಆದರು. ಜೋಶಿ ಎನ್ನಲು ಪುರುಸೊತ್ತಿಲ್ಲದ ಹುಡುಗಿಯರು ‘ಕೋಚ್ ಜೋ’ ಎಂದರು. “ಜೋ ಅಂತ ತೊಟ್ಟಿಲದಾಗಿನ ಕೂಸಿಗೆ ಅಂತಾರ, ಮೀಸಿ ಬಂದ ಗಂಡಸಿಗಲ್ಲ” ಎಂದು ಅಜ್ಜಿ ಕೊನೆಯವರೆಗೂ ಗೊಣಗಿದಳು. ಕನ್ನಡದವರು ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ಕುಗಳಲ್ಲಿ ಅಪ್ಪನಿಗೆ ಕೆಲಸದ ಬಗ್ಗೆ ಹೇಳುವುದೇ ಒಂದು ಕಷ್ಟ. “ಕೋಚಿಂಗಾ? ಯಾವ ಸಾಫ್ಟ್‌ವೇರ್ ಹೇಳ್ಕೊಡ್ತೀರಿ ಸಾರ್?” ಎಂದು ಸ್ಯಾನ್ ರಮೋನ್ ಊರಿನ ಯಾರೋ ಕೇಳಿದ್ದನ್ನು ಅಮ್ಮ ವರ್ಷಗಟ್ಟಲೆ ಹೇಳಿ ನಗುತ್ತಿದ್ದರು.

ಆ ನಗು ನಿಂತದ್ದು ಮನೆಗೆ ಈ ದೇಶದ, ಹೆಲ್ಮೆಟ್ ಹಾಕಿಕೊಂಡು ಒಬ್ಬರನ್ನೊಬ್ಬರು ಗುದ್ದಿ ಕೆಡವುವ ಫುಟ್‌ಬಾಲ್ ಬಂದ ಮೇಲೆ. ಕಾಲೇಜಿನ ಫುಟ್‌ಬಾಲ್ ಕೋಚ್ ಬೇರೆ ಊರಿಗೆ ಹೊರಟುಹೋದ. ಕ್ರೀಡಾ ವಿಭಾಗದ ಡೀನ್ ಅಪ್ಪನನ್ನು ಕರೆದು, ಎರಡು ತಂಡಕ್ಕೆ ಇಬ್ಬರನ್ನು ಇಟ್ಟುಕೊಳ್ಳಲು ಆಗುವುದಿಲ್ಲ, ಫುಟ್‌ಬಾಲನ್ನೂ ನೀವೇ ವಹಿಸಿಕೊಂಡರೆ ಹುಡುಗಿಯರ ತಂಡ ಉಳಿಯುತ್ತದೆ ಎಂದ. ಆ ಸಂಜೆ ಊಟದ ಮೇಜಿನಲ್ಲಿ ನಡೆದ ಜಗಳ ಇವತ್ತಿಗೂ ನನ್ನ ಕಿವಿಯಲ್ಲಿದೆ, ಯಾಕೆಂದರೆ ಅಲ್ಲಿಯವರೆಗೆ ಅವರಿಬ್ಬರು ನನ್ನೆದುರು ಜಗಳವಾಡಿರಲೇ ಇಲ್ಲ.

“ಆ ಆಟದ ಗಂಧಗಾಳಿ ಇದ್ಯಾ ನಿಮಗೆ? ಒಂದಿನ ಆಡಿದೀರಾ?” ಎಂದರು ಅಮ್ಮ.

“ಆಡಿಲ್ಲ. ಆಡಿದ ಅಸಿಸ್ಟಂಟ್ ಇದ್ದಾರ, ಅವ್ರು ಆಟ ಕಲಿಸ್ತಾರ. ನಾನು ಟೀಮ್ ನೋಡ್ಕೊಬೇಕು ಅಷ್ಟ.”

“ಎರಡೆರಡು ಟೀಮು, ಎರಡು ಸೀಸನ್ನು. ಮನೇನ ಯಾರ್ರೀ ನೋಡ್ಕೊಳ್ಳೋದು?”

“ನಾ ಒಲ್ಲೆ ಅಂದ್ರ ರೋಸಾ, ಡೆನಿಸ್ ಎಲ್ಲಾ ಎಲ್ಲಿಗೆ ಹೋಗ್ಬೇಕು? ಅವ್ರಿಗೆ ಇರೋದು ಅದೊಂದ.”

ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅಜ್ಜಿ ನಡುವೆ ಬಾಯಿ ಹಾಕಿ ಏನಾದರೂ ಹಗುರ ಮಾಡಬೇಕೆಂದು, “ಅದ್ಯಾ ಆಟನೋ, ಹೆಸರು ಕಾಲ್ಚೆಂಡು, ಬಗಲಾಗ ಅವಚಿಕೊಂಡು ಓಡ್ತಾರ” ಎಂದಳು. ಯಾರೂ ನಗಲಿಲ್ಲ.

ಆಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ. ಗ್ಯಾರೇಜಿನಲ್ಲಿ ಹೆಲ್ಮೆಟ್ಟುಗಳು, ಹೆಗಲ ಗಾರ್ಡುಗಳು, ಬೆವರಿನ ನಾತ. ಕಾಲೇಜಿನ ಬಟ್ಟೆ ಒಗೆಯುವ ಯಂತ್ರ ಕೆಟ್ಟು ಕೂತಿದ್ದರಿಂದ ಅಪ್ಪ ಆಟಗಾರರ ಜರ್ಸಿಗಳನ್ನು ಮೂಟೆಗಟ್ಟಿ ಮನೆಗೆ ತರುತ್ತಿದ್ದರು. ಹಿತ್ತಲಲ್ಲಿ ಅಜ್ಜಿಯ ಮಡಿ ಸೀರೆಗೆಂದು ಇದ್ದ ಹಗ್ಗಕ್ಕೆ ಯಾವ ಜರ್ಸಿಯೂ ತಗಲದ ಹಾಗೆ ಇನ್ನೊಂದು ಹಗ್ಗ ಕಟ್ಟಿದ್ದಾಯಿತು. ಆದರೂ ಗಾಳಿಗೆ ಅವು ಹಾರಿ ಬಂದು ಸೀರೆಗೆ ಬಡಿಯುತ್ತಿದ್ದವು. ಅಜ್ಜಿ ಮತ್ತೆ ಸೀರೆ ಹಿಂಡಿ ಹಾಕುತ್ತಿದ್ದಳು. ಅಮ್ಮ ಬರ್ಕ್ಲಿಯಿಂದ ಸಂಜೆ ರೈಲಿನಲ್ಲಿ ಬಂದರೆ ಕರೆತರಲು ಸ್ಟೇಷನ್ನಿಗೆ ಬರಬೇಕಾದ ಅಪ್ಪ ಇನ್ನೂ ಮೈದಾನದಲ್ಲೇ ಇರುತ್ತಿದ್ದರು. ಅಮ್ಮ ನಡೆದುಕೊಂಡೇ ಬಂದು, ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಒಲೆ ಹಚ್ಚುತ್ತಿದ್ದರು.

ಆದರೆ ಎಲ್ಲಕ್ಕಿಂತ ಕಷ್ಟದ್ದು ಶನಿವಾರ. ಫುಟ್‌ಬಾಲ್ ಪಂದ್ಯ ನಡೆಯುತ್ತಿದ್ದುದು ಶನಿವಾರ ಮಧ್ಯಾಹ್ನ. ಬೆಳಿಗ್ಗೆ ಅಜ್ಜಿ ಒಗ್ಗರಣೆ ಅವಲಕ್ಕಿ ಮಾಡಿಟ್ಟರೆ ಅಪ್ಪ ಚಮಚದಲ್ಲಿ ಅದನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ಸರಿಸುತ್ತಿದ್ದರು. ಆಮೇಲೆ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ಜೋರಾಗಿ ತಿರುಗಿಸುತ್ತಿದ್ದರು. ನಲ್ಲಿಯ ಸದ್ದಿನ ಕೆಳಗೆ ಅವರು ವಾಂತಿ ಮಾಡುವುದು ನನ್ನ ಕೋಣೆಗೆ ಕೇಳುತ್ತಿತ್ತು. ಅಮ್ಮನಿಗೂ ಕೇಳುತ್ತಿತ್ತು, ಅಜ್ಜಿಗೂ ಕೇಳುತ್ತಿತ್ತು. ಮುಖ ಒರೆಸಿಕೊಂಡು ಹೊರಬಂದು “ಹೊಂಟೆ” ಎಂದಾಗ ಮೂವರೂ “ಹೂಂ” ಎನ್ನುತ್ತಿದ್ದೆವು. ಸೋಲುವ ಹೆದರಿಕೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಬಾಸ್ಕೆಟ್‌ಬಾಲಿನಲ್ಲಿ ಅವರ ತಂಡ ಬೇಕಾದಷ್ಟು ಸೋತಿತ್ತು. ಸೋತ ದಿನವೂ ಬಂದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡು ಮಲಗುತ್ತಿದ್ದರು. ಇದು ಬೇರೆ ಎಂದು ತಿಳಿಯಲು ನಾನು ಇನ್ನೊಂದು ಸೀಸನ್ ಕಾಯಬೇಕಾಯಿತು.

ಫುಟ್‌ಬಾಲ್ ಹುಡುಗರಲ್ಲಿ ನಮ್ಮ ಮನೆಗೆ ತೀರ ಹತ್ತಿರವಾದವನು ತೇವಿತಾ. ಟೋಂಗಾ ದ್ವೀಪದಿಂದ ಬಂದ ಕುಟುಂಬ, ಬಾಗಿಲಲ್ಲಿ ಸ್ವಲ್ಪ ಓರೆಯಾಗಿ ಒಳಬರಬೇಕಾದಂಥ ಆಳು, ಮಾತು ಮಾತ್ರ ಪಿಸುಪಿಸು. ಜರ್ಸಿಯ ಮೂಟೆ ಒಯ್ಯಲು ಬಂದಾಗಲೆಲ್ಲ ಅಜ್ಜಿ ಅವನನ್ನು ಕೂರಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ ಬಡಿಸುತ್ತಿದ್ದಳು. “ತೇವಿತ ಅಂದ್ರ ನಮ್ಮ ದೇವತಾ ಇದ್ದಂಗ ಅಲ್ಲೇನು?” ಎಂದು ಅವಳೇ ತೀರ್ಮಾನಿಸಿ ಹಾಗೇ ಕರೆಯುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು, ಅವನಿಗೆ ಕನ್ನಡ ಬಾರದು. ಅವನು ಇನ್ನೊಂದು ರೊಟ್ಟಿಗೆ ಕೈ ಚಾಚಿದರೆ ಅವಳ ಮುಖ ಅರಳುತ್ತಿತ್ತು.

ಅವನು ಬಿದ್ದ ದಿನ ನಾವೆಲ್ಲ ಅಲ್ಲೇ ಇದ್ದೆವು. ಅಮ್ಮ ಅಪರೂಪಕ್ಕೆ ಬಂದಿದ್ದರು. ಅಜ್ಜಿ ಬಿಸಿಲಿಗೆ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಆಟ ಶುರುವಾಗಿ ಬಹಳ ಹೊತ್ತಾಗಿರಲಿಲ್ಲ. ಎದುರಿನವನೊಬ್ಬ ಚೆಂಡು ಹಿಡಿದು ಓಡಿಬಂದ, ತೇವಿತಾ ತಲೆ ತಗ್ಗಿಸಿಕೊಂಡು ಅವನಿಗೆ ಡಿಕ್ಕಿ ಹೊಡೆದ. ಚೆಂಡು ಹಿಡಿದವನು ಎದ್ದು ನಿಂತ. ತೇವಿತಾ ಏಳಲಿಲ್ಲ. ಬೋರಲಾಗಿ ಬಿದ್ದವನ ಕೈ ಯಾವ ಭಂಗಿಯಲ್ಲಿ ಬಿದ್ದಿತ್ತೋ ಹಾಗೇ ಇತ್ತು. ಕೂಗುತ್ತಿದ್ದ ಜನ ಎದ್ದು ನಿಂತರು. ಅಪ್ಪ ಓಡಿದರು. ಯಾರೂ ಅವನನ್ನು ಮುಟ್ಟಬಾರದು, ತಿರುಗಿಸಬಾರದು ಎಂದು ಕೈ ಅಡ್ಡ ಹಿಡಿದರು. ಅವನ ಹೆಲ್ಮೆಟ್ಟು ಪಕ್ಕಕ್ಕೆ ವಾಲಿ ಹುಲ್ಲಿಗೆ ಒತ್ತಿಕೊಂಡಿತ್ತು, ಒಳಗೆ ಕಣ್ಣು ತೆರೆದಿತ್ತು. ಆಗ ಅಪ್ಪ, ಇಡೀ ಮೈದಾನ ನೋಡುತ್ತಿರುವಾಗ, ಅವನ ಪಕ್ಕದಲ್ಲಿ ನೆಲದ ಮೇಲೆ ಮಲಗಿ ತಮ್ಮ ಕೆನ್ನೆಯನ್ನೂ ಹುಲ್ಲಿಗೆ ಇಟ್ಟರು, ಅವನಿಗೆ ಯಾರದಾದರೂ ಮುಖ ಕಾಣಲಿ ಎಂದು. ಆಂಬುಲೆನ್ಸ್ ಬರುವವರೆಗೂ ಹಾಗೇ ಮಲಗಿ ಏನೋ ಮಾತಾಡುತ್ತಲೇ ಇದ್ದರು. ಏನು ಮಾತಾಡಿದಿರಿ ಎಂದು ದೊಡ್ಡವಳಾದ ಮೇಲೆ ಕೇಳಿದ್ದೇನೆ. “ನಿಮ್ಮಜ್ಜಿ ಇವತ್ತೇನು ಅಡಗಿ ಮಾಡ್ಯಾಳ ಅಂತ ಹೇಳಿದೆ. ಬ್ಯಾರೆ ಏನೂ ಹೊಳೀಲಿಲ್ಲ” ಎಂದರು.

ಅಪ್ಪ ಆಂಬುಲೆನ್ಸಿನಲ್ಲೇ ಹೋದರು. ಅಮ್ಮ ನಮ್ಮನ್ನು ಕರೆದುಕೊಂಡು ಮನೆಗೆ ಬಂದರು. ಆ ಮಧ್ಯಾಹ್ನ ಮನೆಯಲ್ಲಿ ಗಡಿಯಾರವೇ ನಿಂತಂತಿತ್ತು. ಅಜ್ಜಿ ದೇವರ ಕಪಾಟಿನ ಮುಂದೆ ಕೂತವಳು ಏಳಲಿಲ್ಲ. ಅಮ್ಮ ಫ್ರಿಜ್ಜಿನಲ್ಲಿದ್ದ ಹುರುಳಿಕಾಯಿಯನ್ನೆಲ್ಲ ತೆಗೆದು ನಾರು ಬಿಡಿಸಿ ಸಣ್ಣಗೆ ಹೆಚ್ಚತೊಡಗಿದರು. ಅಷ್ಟು ಹುರುಳಿಕಾಯಿ ತಿನ್ನುವವರು ಯಾರೂ ಇರಲಿಲ್ಲ. ನಾನು ಫೋನಿನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದೆ. ಒಂದು ಸಲ ಅದು ರಿಂಗಾಯಿತು, ಪಾಟ್‌ಲಕ್ಕಿಗೆ ಏನು ತರುತ್ತೀರಿ ಎಂದು ಯಾರೋ ಕೇಳಿದರು, ಅಮ್ಮ “ಆಮೇಲೆ ಹೇಳ್ತೀನಿ” ಎಂದು ಇಟ್ಟರು. ಹೊರಗೆ ಬಿಸಿಲು ಇಳಿದು ಹಿತ್ತಲಿನ ಜರ್ಸಿಗಳ ನೆರಳು ಅಡುಗೆಮನೆಯ ನೆಲದ ಮೇಲೆ ಬಂತು. ಅಷ್ಟರಲ್ಲಿ ಮತ್ತೆ ಫೋನು. ಅಮ್ಮ ಒದ್ದೆ ಕೈಯಲ್ಲೇ ಎತ್ತಿಕೊಂಡರು.

“ಹೇಳಿ... ಹೂಂ... ಹೂಂ... ಬೆರಳಾ? ಯಾವ ಬೆರಳು? ಕೈಯಿಂದಾ? ಕಾಲಿಂದಾ?”

ಅಜ್ಜಿ ಗೋಡೆ ಹಿಡಿದು ಎದ್ದು ನಿಂತಳು.

“ಕಾಲ್ಬೆರಳು ಅಲ್ಲಾಡಿಸಿದ್ನಂತೆ” ಎಂದು ಅಮ್ಮ ನಮ್ಮ ಕಡೆ ತಿರುಗಿ ಹೇಳಿದರು. ಹೇಳಿ, ಫೋನಿನ ವೈರು ಎಷ್ಟು ಬರುತ್ತದೋ ಅಷ್ಟು ಕೆಳಗೆ ಜಾರಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟರು. “ಅಲ್ಲಾಡಿಸಿದ್ನಂತೆ, ಎರಡೂ ಕಾಲು. ಕೈಗೂ ಬರ್ತಾ ಇದ್ಯಂತೆ.” ಅಜ್ಜಿ ಜೋರಾಗಿ ಅತ್ತಳು. ಅಮ್ಮ ನಗುತ್ತಿದ್ದರು, ಅಳುತ್ತಲೂ ಇದ್ದರು.

ಕತ್ತಿನ ಬೆನ್ನುಹುರಿಗೆ ಪೆಟ್ಟಾಗಿ ಕೆಲವು ತಾಸು ಅವನ ಮೈ ಸ್ತಬ್ಧವಾಗಿತ್ತು. ನಡೆಯುತ್ತಾನೆ, ಎಲ್ಲ ಸರಿಹೋಗುತ್ತದೆ, ಆದರೆ ಇನ್ನು ಫುಟ್‌ಬಾಲ್ ಇಲ್ಲ ಎಂದರು ಡಾಕ್ಟರು. ಅವನು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಒಂದು ಭಾನುವಾರ ಮೆಲೆ ಎಂಬ ಹೆಸರಿನ ಅವನ ತಾಯಿ ನಮ್ಮ ಮನೆಗೆ ಬಂದರು. ಚರ್ಚಿನಿಂದ ನೇರವಾಗಿ ಬಂದಿದ್ದರು, ಅವರ ಕಡೆಯ ಪದ್ಧತಿಯಂತೆ ಸೊಂಟಕ್ಕೆ ಹೆಣೆದ ಚಾಪೆಯಂಥದ್ದು ಸುತ್ತಿಕೊಂಡಿದ್ದರು, ಕೈಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆ. ಅಪ್ಪ ಬಾಗಿಲು ತೆರೆದವರು ಬೈಗುಳ ಕೇಳಲು ಸಿದ್ಧರಾದವರ ಹಾಗೆ ತಲೆ ತಗ್ಗಿಸಿ ನಿಂತರು. ಮೆಲೆ ಪಾತ್ರೆಯನ್ನು ನೇರವಾಗಿ ಅಜ್ಜಿಯ ಕೈಗೆ ಕೊಟ್ಟರು. ಇದರಲ್ಲಿ ಮಾಂಸ ಹಾಕಿಲ್ಲ, ನಿಮ್ಮಲ್ಲಿ ತಿನ್ನುವುದಿಲ್ಲವೆಂದು ಮಗ ಹೇಳಿದ ಎಂದರು. ಅಜ್ಜಿ ಬಟ್ಟೆ ಸರಿಸಿ ನೋಡಿದಳು. ತೆಂಗಿನ ಹಾಲಿನಲ್ಲಿ ಬೇಯಿಸಿದ ಎಲೆಯ ಕಟ್ಟುಗಳು.

“ಅಯ್ಯ, ಕೆಸುವಿನ ಎಲಿ! ಇವ್ರಲ್ಲೂ ಮಾಡ್ತಾರ?” ಎಂದು ಅಜ್ಜಿ ನನ್ನನ್ನು ಕೇಳಿದಳು. ನಾನು ಇಂಗ್ಲಿಷಿಗೆ ದಾಟಿಸಿದೆ. ಮೆಲೆ ನಕ್ಕರು. ಬಾಯಿ ತುರಿಸದ ಹಾಗೆ ಎಷ್ಟು ಹೊತ್ತು ಬೇಯಿಸಬೇಕು ಎಂಬ ಬಗ್ಗೆ ನನ್ನ ಮೂಲಕ ಇಬ್ಬರೂ ಒಂದಷ್ಟು ಮಾತಾಡಿದರು. ಅಪ್ಪ ಅಮ್ಮ ಸೋಫಾದ ತುದಿಯಲ್ಲಿ ಕೂತಿದ್ದರು.

ಹೊರಡುವ ಮುಂಚೆ ಮೆಲೆ ಅಪ್ಪನ ಕಡೆ ತಿರುಗಿದರು. ಸಿಟ್ಟಿನಿಂದ ಕೇಳುತ್ತಿಲ್ಲ ಕೋಚ್, ತಿಳಿಯಬೇಕೆಂದು ಕೇಳುತ್ತಿದ್ದೇನೆ ಎಂದರು. ನನ್ನನ್ನು ತೋರಿಸಿ, ಇವಳು ಗಂಡುಮಗುವಾಗಿದ್ದರೆ ಈ ಆಟಕ್ಕೆ ಕಳಿಸುತ್ತಿದ್ದಿರಾ ಎಂದು ಕೇಳಿದರು.

ಅಪ್ಪ ನನ್ನ ಕಡೆ ನೋಡಿದರು. ಆಮೇಲೆ “ನೋ” ಎಂದರು. ಅಷ್ಟೇ.

ಮೆಲೆ ತಲೆದೂಗಿ, ಅಪ್ಪನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ನನ್ನ ಮಗನ ಪಕ್ಕ ನೀವು ನೆಲದಲ್ಲಿ ಮಲಗಿದ್ದನ್ನು ಅವನು ಹೇಳಿದ ಎಂದು ಹೇಳಿ ಹೊರಟುಹೋದರು. ಕಾರಿನ ಸದ್ದು ಮರೆಯಾಗುವವರೆಗೂ ಅಪ್ಪ ಬಾಗಿಲಲ್ಲೇ ನಿಂತಿದ್ದರು. ಒಳಗೆ ಬಂದವರು ಅಮ್ಮನಿಗೆ ಎಲ್ಲವನ್ನೂ ಹೇಳಿದರು: ಪ್ರತಿ ಶನಿವಾರ ಬೆಳಿಗ್ಗೆ ವಾಂತಿ ಮಾಡಿಕೊಳ್ಳುತ್ತಿದ್ದುದು, ಶಿಳ್ಳೆ ಊದಿದಾಗಲೆಲ್ಲ ಇವತ್ತು ಬೀಳುವ ಸರದಿ ಯಾರದೋ ಎಂದು ಹುಡುಗರನ್ನು ಎಣಿಸುತ್ತಿದ್ದುದು. “ಇನ್ ನನ್ ಕೈಲೆ ಆಗೂದಿಲ್ಲ. ಆದ್ರ ನಾ ಬಿಟ್ರ ಹುಡುಗ್ಯಾರ ಟೀಮ್ ಮುಚ್ಚತಾರ.”

ಆಗ ಅಮ್ಮ ಮಾಡಿದ್ದನ್ನು ನಾನು ಯಾವತ್ತೂ ಮರೆಯಲಾರೆ. ಕಾಲೇಜಿನ ಜಿಮ್ಮಿಗೆ ಒಂದು ದಿನವೂ ಕಾಲಿಡದವರು, ಮರುದಿನ ಲ್ಯಾಬಿಗೆ ರಜೆ ಹಾಕಿ, “ನಡೀರಿ, ನಾನೂ ಬರ್ತೀನಿ” ಎಂದು ಅಪ್ಪನ ಜೊತೆ ಡೀನ್ ಹತ್ತಿರ ಹೋದರು. ಅಲ್ಲಿ ನಡೆದದ್ದನ್ನು ಅಪ್ಪನೇ ನಮಗೆ ಅಭಿನಯಿಸಿ ತೋರಿಸಿದ್ದು. ಅಪ್ಪ ಫುಟ್‌ಬಾಲ್ ಬಿಡುತ್ತೇನೆ ಎಂದ ಕೂಡಲೇ ಡೀನ್, ಹಾಗಾದರೆ ಬಾಸ್ಕೆಟ್‌ಬಾಲ್ ತಂಡದ ಗತಿ ನಿಮಗೆ ಗೊತ್ತೇ ಇದೆ ಎಂದನಂತೆ. ಅಮ್ಮ ಮೆಲ್ಲಗೆ ಕೇಳಿದರಂತೆ: ಮುಂದೆ ಬರುವ ಫುಟ್‌ಬಾಲ್ ಕೋಚ್‌ಗೂ ಹುಡುಗಿಯರ ತಂಡ ನೋಡಿಕೋ ಎಂದು ಹೇಳುತ್ತೀರಾ? ಡೀನ್ ನಕ್ಕುಬಿಟ್ಟ. ಯಾವ ಫುಟ್‌ಬಾಲ್ ಕೋಚ್ ತಾನೇ ಅದಕ್ಕೆ ಒಪ್ಪುತ್ತಾನೆ ಎಂದ. ಹಾಗಿದ್ದರೆ ಎರಡು ಕೆಲಸಕ್ಕೆ ಇಬ್ಬರು ಬೇಕು ಎಂಬುದು ನಿಮಗೂ ಗೊತ್ತಿದೆ, ಇವರೊಬ್ಬರು ಒಪ್ಪಿಕೊಂಡಿದ್ದರಿಂದ ಇಷ್ಟು ದಿನ ಒಬ್ಬರಲ್ಲೇ ನಡೆಸಿದಿರಿ ಎಂದರು ಅಮ್ಮ. ಡೀನ್ ವಿಚಾರ ಮಾಡಿ ತಿಳಿಸುತ್ತೇನೆ ಎಂದು ಕಳಿಸಿದ. ಆ ವಾರ ನಮಗೆಲ್ಲ ಬಹಳ ಉದ್ದವಾಗಿತ್ತು. ಶುಕ್ರವಾರ ಅಪ್ಪ ಕಾರು ನಿಲ್ಲಿಸಿ ಹಾರನ್ ಹೊಡೆದರು. ನಮ್ಮ ಬೀದಿಯಲ್ಲಿ ಯಾರೂ ಹಾರನ್ ಹೊಡೆಯುವುದಿಲ್ಲ. ನಾವು ಹೆದರಿ ಓಡಿದರೆ ಅವರು ಕಿಟಕಿ ಇಳಿಸಿ, “ಉಳೀತು” ಎಂದರು. “ಹುದ್ದೆ ಅರ್ಧಾ ಮಾಡ್ಯಾರ, ಉಳಿದರ್ಧಾ ಕ್ಲಾಸ್ ತೊಗೊಬೇಕು. ಆದ್ರ ಟೀಮ್ ಉಳೀತು.”

ಆ ಕಾಲೇಜಿನ ಫುಟ್‌ಬಾಲ್ ತಂಡ ಮತ್ತಷ್ಟು ವರ್ಷ ಬೇರೊಬ್ಬನ ಕೈಯಲ್ಲಿ ನಡೆದು, ಆಮೇಲೆ ತಾನಾಗಿ ನಿಂತಿತು. ಅಪ್ಪ ನಿವೃತ್ತರಾಗುವವರೆಗೂ ಹುಡುಗಿಯರ ಕೋಚ್ ಆಗಿಯೇ ಇದ್ದರು, ಕೆಲವು ಸಲ ಗೆದ್ದರು, ಅನೇಕ ಸಲ ಸೋತರು. ತೇವಿತಾ ಈಗ ಎಲೆಕ್ಟ್ರಿಷಿಯನ್, ತಾತನೂ ಆಗಿದ್ದಾನೆ; ಕತ್ತು ಪೂರ್ತಿ ತಿರುಗುವುದಿಲ್ಲ ಎನ್ನುವುದು ಬಿಟ್ಟರೆ ಅವನಿಗೆ ಏನೂ ಇಲ್ಲ. ನಾನು ಫಿಸಿಯೋಥೆರಪಿಸ್ಟ್ ಆದೆ. ಪೆಟ್ಟು ತಿಂದವರು ಮೊದಲ ಸಲ ಕಾಲು ಅಲ್ಲಾಡಿಸುವುದನ್ನು ನೋಡುವುದೇ ನನ್ನ ಕೆಲಸ. ಅಂಥ ಹೊತ್ತಿನಲ್ಲಿ ಜೊತೆಗಿದ್ದವರಿಗೆ ಕೂರಲು ಕುರ್ಚಿಯೊಂದನ್ನು ಮೊದಲೇ ಹತ್ತಿರ ಎಳೆದಿಡುತ್ತೇನೆ.

ಆ ಶುಕ್ರವಾರದ ಮರುದಿನ, ಫುಟ್‌ಬಾಲ್ ಇಲ್ಲದ ಮೊದಲ ಶನಿವಾರ ಬೆಳಿಗ್ಗೆ ಅಪ್ಪ ಬಹಳ ಹೊತ್ತು ಮಲಗಿದ್ದರು. ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಇವತ್ತೇನು ಮಾಡೂದು?” ಎಂದು ಕೇಳಿದರು. ಶನಿವಾರ ಏನು ಮಾಡುತ್ತಾರೆ ಎಂಬುದು ನಮಗ್ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಅಮ್ಮ, “ಎಲ್ರೂ ಕಾರ್ ಹತ್ತಿ” ಎಂದರು. ಅಪ್ಪ ಫ್ರೀವೇ ಹೆದ್ದಾರಿ ಬಿಟ್ಟು ಗುಡ್ಡಗಳ ನಡುವಿನ ಹಳೆಯ ರಸ್ತೆ ಹಿಡಿದರು. ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿತ್ತು, ಅಲ್ಲಲ್ಲಿ ದನಗಳು ನಿಂತಿದ್ದವು. ಅಮ್ಮ ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದರು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿ ಬಹಳ ಹೊತ್ತು ಹೊರಗೆ ನೋಡಿ ಆಮೇಲೆ ಕೇಳಿದಳು.

“ಎಲ್ಲಿಗೆ ಹೊಂಟೇವೋ ಅನಂತಾ?”

“ಎಲ್ಲಿಗೂ ಇಲ್ಲವ್ವಾ.”

ಅಜ್ಜಿ ಸೆರಗು ಸರಿಮಾಡಿಕೊಂಡು ಸೀಟಿಗೆ ಬೆನ್ನು ಕೊಟ್ಟು ಆರಾಮಾಗಿ ಕೂತಳು.

“ಹಂಗಾರ ಸಾವಕಾಶ ಹೊಡಿ” ಎಂದಳು.